ಏಳುನೂರ ಮೂವತ್ತು

ಲಾಲ್‌ಬಾಗಿನ ಚಾಳು, ಮೂರನೇ ಮಾಳಿಗೆ, ಇಪ್ಪತ್ತೇಳನೇ ಖೋಲಿ.
ನೂರ ಎಂಬತ್ತು ಚದರಡಿ, ಅದರಲ್ಲೊಂದು ಮೋರಿ,
ಮೋರಿಯ ಮೇಲೆ ಅಟ್ಟ, ಅಟ್ಟದಲ್ಲಿ
ಅಪ್ಪನ ಕ್ಯಾಂಟೀನಿನ ಮೂರು ಹಿತ್ತಾಳೆ ಪಾತ್ರೆ.
ಪಗಡಿ ಕೊಟ್ಟು ಹಿಡಿದದ್ದು, ಮಿಲ್ಲಿನ ಭೋಂಗಾ ಕೂಗುತ್ತಿದ್ದಾಗ.
ರಸೀದಿ ಈಗ ನನ್ನ ಹೆಸರಿಗೆ:
ಲೋಲಾಕ್ಷಿ ದೂಮಪ್ಪ ಕರ್ಕೇರ.

ಪರ್ಸಿನಲ್ಲಿ ಅದೇ ಹೆಸರಿನ ಒಂದು ಕಾರ್ಡಿದೆ.
ವಿನಿಪೆಗ್. ಅಲ್ಲಿ ಯಾರದ್ದೋ ತಾಯಂದಿರಿಗೆ
ಸ್ನಾನ ಮಾಡಿಸಿ ತಲೆ ಬಾಚುತ್ತೇನೆ, ಗಂಟೆಗಿಷ್ಟು ಅಂತ.
ಕಾರ್ಡಿನ ಮೇಲೆ ಖಾಯಂ ಎಂದು ಬರೆದಿದೆ,
ಅದರ ಕೆಳಗೇ ಅದು ಮುಗಿಯುವ ತಾರೀಖು.

ಐದು ವರ್ಷದಲ್ಲಿ ಏಳುನೂರ ಮೂವತ್ತು ದಿನ
ಅಲ್ಲಿಯ ನೆಲದ ಮೇಲೆ ಕಾಲಿರಬೇಕು.
ಇಲ್ಲಿ ಆರು ತಿಂಗಳು ಬೀಗ ಬಿದ್ದರೆ
ಮಾಲೀಕ ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ.
ಗಂಡ ಕೂಡ, ಇದ್ದಷ್ಟು ದಿನ,
ಇಷ್ಟು ಲೆಕ್ಕ ಕೇಳಿರಲಿಲ್ಲ.

ಮುನೀಮ ಚಿಮನ್‌ಲಾಲ್ ಏದುಸಿರು ಬಿಡುತ್ತ ಬರುತ್ತಾನೆ,
ಬೀಗ ಮುಟ್ಟಿ ನೋಡುತ್ತಾನೆ, ತುಕ್ಕು ಹಿಡಿದಿದೆಯೋ ಅಂತ.
ಟೊರಾಂಟೋದ ಕೌಂಟರಿನಲ್ಲಿ ಒಬ್ಬ ಹುಡುಗಿ
ಪಾಸ್‌ಪೋರ್ಟಿನ ಹಾಳೆ ತಿರುವುತ್ತಾಳೆ.
ಅದೇ ಬೆರಳು.

ಅದಕ್ಕೇ ಒಂದು ಪುಸ್ತಕ ಇಟ್ಟಿದ್ದೇನೆ,
ಅಪ್ಪನ ಉದ್ರಿ ಖಾತೆಯ ಹಾಗೆ ಕೆಂಪು ರಟ್ಟಿನದು.
ಎಡಕ್ಕೆ ಲಾಲ್‌ಬಾಗ್, ಬಲಕ್ಕೆ ಹಿಮ.
ಹೊರಟ ದಿನವೂ ಇಡೀ ದಿನ, ಇಳಿದ ದಿನವೂ ಇಡೀ ದಿನ,
ಅಲ್ಲಿಯ ಕಾನೂನಿಗೆ ಅಷ್ಟು ಔದಾರ್ಯ ಉಂಟು.
ಜ್ವರದಲ್ಲಿ ಮಲಗಿದ್ದೂ ದಿನವೇ.
ಯಾರೊಡನೆಯೂ ಮಾತಾಡದ ಜನವರಿ: ಮೂವತ್ತೊಂದು.
ಇನ್ನೂ ಬೇಕು ನೂರ ಹನ್ನೆರಡು.

ಎರಡು ದೋಣಿಗೆ ಕಾಲಿಟ್ಟವಳು
ಅನ್ನುತ್ತಾಳೆ ಘಾಟ್‌ಕೋಪರಿನ ಅತ್ತಿಗೆ.
ನಾವು ಮಲ್ಪೆಯವರು, ಅತ್ತಿಗೆ,
ದೊಡ್ಡ ಬಲೆ ಎಳೆಯಲು ಎರಡು ದೋಣಿಯೇ ಬೇಕು.
(ಬಲೆಗೆ ಏನು ಬಿತ್ತು ಅಂತ ಅವಳು ಕೇಳಲಿಲ್ಲ,
ಪುಣ್ಯಕ್ಕೆ.)

ಪಕ್ಕದ ಖೋಲಿ ಶೇವಂತಾಬಾಯಿ ಗುರವಳದ್ದು.
ನನ್ನ ಬೀಗದ ಕೈ ಅವಳ ಸೊಂಟದಲ್ಲಿ.
ಸಂಜೆ ಒಂದು ಗಂಟೆ ದೀಪ ಹಾಕು, ಮೀಟರು ತಿರುಗಲಿ,
ಬಿಲ್ಲೇ ಸಾಕ್ಷಿ, ಎಂದು ಹೇಳಿ ಹೋಗಿದ್ದೆ.
ಈ ಸಲ ಬಂದು ನೋಡಿದರೆ
ನಲವತ್ತು ಯೂನಿಟ್ಟು, ಐವತ್ತೆರಡು,
ಮಾರ್ಚಿನಲ್ಲಿ ಎಪ್ಪತ್ತು. ಫ್ಯಾನೂ ತಿರುಗಿದೆ.
ನಾನಿದ್ದಾಗಲೂ ಅಷ್ಟು ಬಂದದ್ದಿಲ್ಲ.

ಮಂಚದ ಮೇಲೆ ರಬ್ಬರಿನ ಹುಡಿ.
ಗೋಡೆಯಲ್ಲಿ, ಅಪ್ಪನ ಫೋಟೋದ ಕೆಳಗೆ,
ಪೆನ್ಸಿಲ್ಲಿನ ಬೀಜಗಣಿತ.
ದೀಪ ಸುಮ್ಮನೆ ಯಾಕೆ ಉರಿಯಬೇಕು ಅಂದುಕೊಂಡೆ
ಎಂದಳು ಶೇವಂತಾ, ಸೆರಗಿನಿಂದ ನನ್ನ ಕುರ್ಚಿ ಒರೆಸುತ್ತ,
ನನ್ನ ಮನೆಯಲ್ಲಿ ನನ್ನನ್ನು ಕೂರಿಸುತ್ತ.
ಮೊಮ್ಮಗಳಿಗೆ ಹತ್ತನೆಯದರಲ್ಲಿ ಎಂಬತ್ತೊಂದು ಪರ್ಸೆಂಟು.
ಪೇಢೆ ಕೊಟ್ಟಳು.

ಕೋರ್ಟು ಕೇಳಿದರೆ ಹೇಳುತ್ತೇನೆ:
ಇಪ್ಪತ್ತೇಳನೇ ಖೋಲಿಯಲ್ಲಿ ವಾಸವಿದೆ, ಸ್ವಾಮಿ.
ಯಾರದ್ದು ಅಂತ ಮಾತ್ರ ಕೇಳಬೇಡಿ.

ಇವತ್ತು ರಾತ್ರಿ ಎರಡೂವರೆಗೆ ವಿಮಾನ.
ಸೂರ್ಯನ ಬೆನ್ನು ಹಿಡಿದು ಹೋಗುವಾಗ ತಾರೀಖು ಬದಲಾಗುವುದಿಲ್ಲ,
ಹನ್ನೊಂದರಂದು ಬಿಟ್ಟು ಹನ್ನೊಂದಕ್ಕೇ ಇಳಿಯುತ್ತೇನೆ.
ಪುಸ್ತಕದ ಎಡಕ್ಕೂ ಬರೆದೆ, ಬಲಕ್ಕೂ ಬರೆದೆ. ಸುಳ್ಳಲ್ಲ.
ವರ್ಷಕ್ಕೆ ಆ ಒಂದು ದಿನ ನಾನು ಎರಡೂ ಕಡೆ ಖಾಯಂ,
ಇರುವುದು ಮಾತ್ರ ಮೋಡದ ಮೇಲೆ, ನಡುಸೀಟಿನಲ್ಲಿ,
ಕಾಲು ಚಾಚಲಾಗದೆ.

ಟ್ಯಾಕ್ಸಿಯವನು ಹಾರ್ನು ಹೊಡೆದ.
ಕತ್ತೆತ್ತಿ ನೋಡಿದೆ: ಮೂರನೇ ಮಾಳಿಗೆಯಲ್ಲಿ ದೀಪ ಹತ್ತಿತು.
ನಾನಿನ್ನೂ ಗಲ್ಲಿಯಲ್ಲೇ ಇದ್ದೆ.